ಶ್ರೇಷ್ಠ ಚಿತ್ರ ನೋಡುತ್ತ ನಿದ್ದೆ ಬಂದರೆ ತಪ್ಪು ಯಾರದು?

ಓದುಗರ ಪ್ರಶ್ನೆ: ನನಗೆ ಮೂವತ್ತಾರು ವರ್ಷ. ಸಿನಿಮಾ ಹುಚ್ಚು ಚಿಕ್ಕಂದಿನಿಂದಲೂ ಇದೆ. ಈಚೆಗೆ ‘ನೋಡಲೇಬೇಕಾದ ನೂರು ಚಿತ್ರಗಳು’ ಎಂಬಂಥ ಪಟ್ಟಿಗಳನ್ನು ಹಿಡಿದು ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಚಿತ್ರಗಳಲ್ಲಿ ನಿದ್ದೆ ಬಂದಿದೆ. ‘ಸಿಟಿಜನ್ ಕೇನ್’ ಮುಗಿದಾಗ ಇದರಲ್ಲಿ ಅಂಥದ್ದೇನಿದೆ ಅನ್ನಿಸಿತು. ಮೂಕಿ ಚಿತ್ರಗಳಲ್ಲಿ ಜನ ಕೀಲುಬೊಂಬೆಗಳ ಹಾಗೆ ಓಡಾಡುವುದನ್ನು ನೋಡಿ ದುಃಖದ ದೃಶ್ಯದಲ್ಲೂ ನಗು ಬರುತ್ತದೆ. ಹಾಗಂತ ಹೊಸ ಚಿತ್ರಗಳು ಖುಷಿ ಕೊಡುತ್ತಿವೆಯೇ ಎಂದರೆ ಅದೂ ಇಲ್ಲ. ಕಣ್ಣಿಗೆ ಬಿಡುವೇ ಇಲ್ಲದ ಕಟ್‌ಗಳು, ಎಲ್ಲದಕ್ಕೂ ಒಂದೇ ಬಣ್ಣ. ಮಾತು ಕೇಳಿಸುವುದಿಲ್ಲವೆಂದು ವಾಲ್ಯೂಮ್ ಏರಿಸಿದರೆ ಮರುಕ್ಷಣ ಸ್ಫೋಟದ ಸದ್ದಿಗೆ ಮಲಗಿದವರೆಲ್ಲ ಎದ್ದು ಕೂರುತ್ತಾರೆ. ನಮ್ಮ ತಂದೆ ‘ಆಗಿನದೇ ಸಿನಿಮಾ’ ಅನ್ನುತ್ತಾರೆ, ಗೆಳೆಯರು ‘ಹಳೆಯದೆಲ್ಲ ಸುಮ್ಮನೆ ಬಿಲ್ಡಪ್ಪು’ ಅನ್ನುತ್ತಾರೆ. ಈಗೀಗ ಹಳೆಯ ಚಿತ್ರಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡತೊಡಗಿದ್ದೇನೆ. ನನ್ನ ಅಭಿರುಚಿಯೇ ಕೆಟ್ಟಿದೆಯೇ? ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ತುಂಬಿದ್ದು ಸಿಕ್ಕರೆ ಅದನ್ನು ನೋಡಬಹುದೇ?

ಉತ್ತರ: ಹಳೆಯದು ಎಳೆಯುತ್ತದೆ, ಹೊಸದು ದಣಿಸುತ್ತದೆ ಎಂದು ಎರಡು ದೂರು ಹೇಳಿದ್ದೀರಿ. ಎರಡರ ಕೆಳಗೂ ಒಂದೇ ಅಳುಕಿದೆ: ತಿಳಿದವರೆಲ್ಲ ಮೆಚ್ಚಿದ್ದು ನನಗೆ ಹಿಡಿಸದಿದ್ದರೆ ಕೊರತೆ ನನ್ನಲ್ಲೇ ಇರಬೇಕು. ಸಂಕಲನದ ಕೋಣೆಯಲ್ಲೇ ಹೆಚ್ಚು ಕಾಲ ಕಳೆದ ನನ್ನಂಥವರಿಗೆ ಅಭಿರುಚಿಯ ಮಾತು ಆಮೇಲಿನದು. ಯಾರಾದರೂ ಇಂಥ ಚಿತ್ರ ಚೆನ್ನಾಗಿಲ್ಲ ಎಂದರೆ ಮೊದಲು ಬಾಯಿಗೆ ಬರುವ ಪ್ರಶ್ನೆಗಳು ಬೇರೆ. ಯಾವ ಪ್ರತಿ ನೋಡಿದಿರಿ? ಯಾವ ಪರದೆಯಲ್ಲಿ? ಟಿವಿಯ ಸೆಟ್ಟಿಂಗ್ ಏನಿತ್ತು? ಚಿತ್ರ ಮತ್ತು ನಿಮ್ಮ ಕಣ್ಣಿನ ನಡುವೆ ಎಷ್ಟೋ ಕೈಗಳು ಆಡಿರುತ್ತವೆ. ಆ ಕೈಗಳ ತಪ್ಪನ್ನೆಲ್ಲ ನಿರ್ದೇಶಕನ ಲೆಕ್ಕಕ್ಕೋ ನಿಮ್ಮ ಲೆಕ್ಕಕ್ಕೋ ಬರೆದುಬಿಡುತ್ತೇವೆ.

ಮೂಕಿಯಲ್ಲಿ ಇದು ಎದ್ದು ಕಾಣುತ್ತದೆ. ಆ ಕಾಲದ ಕ್ಯಾಮೆರಾಗಳಲ್ಲಿ ಹೆಚ್ಚಿನವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮ್ (ಬಿಡಿ ಚಿತ್ರ), 18, 20 ಎಂದು ಕ್ಯಾಮೆರಾಮನ್ನನ ಕೈಗೂ ದೃಶ್ಯಕ್ಕೂ ತಕ್ಕಂತೆ ವೇಗ ಬದಲಾಗುತ್ತಿತ್ತು. 1920ರ ದಶಕದ ಕೊನೆಯಲ್ಲಿ ಸಿನಿಮಾಕ್ಕೆ ಮಾತು ಬಂತು. ವೇಗ ಏರುಪೇರಾದರೆ ದನಿ ಒಮ್ಮೆ ಕೀರಲು, ಒಮ್ಮೆ ಗೊಗ್ಗರು. ಹಾಗಾಗಿ ಸೆಕೆಂಡಿಗೆ 24 ಫ್ರೇಮ್ ಎಂದು ಗೊತ್ತುಮಾಡಿದರು. 16ರ ಲೆಕ್ಕದಲ್ಲಿ ತೆಗೆದ ಚಿತ್ರವನ್ನು 24ರ ಲೆಕ್ಕದಲ್ಲಿ ಓಡಿಸಿದರೆ ಏನಾಗುತ್ತದೆ? ಸರಿಯಾಗಿ ಒಂದೂವರೆ ಪಟ್ಟು ವೇಗ. ಮಗುವನ್ನು ಕಳೆದುಕೊಂಡ ತಾಯಿ ಕುಕ್ಕರಿಸುವ ಬದಲು ಪುಟಿದು ಕೂರುತ್ತಾಳೆ. ನೀವು ನಕ್ಕದ್ದು ಆಕೆಯ ನಟನೆಗಲ್ಲ, ಎಷ್ಟೋ ವರ್ಷಗಳ ಬಳಿಕ ಯಾರೋ ಗಮನವಿಲ್ಲದೆ ಫಿಲ್ಮಿನಿಂದ ವಿಡಿಯೊಗೆ ಮಾಡಿದ ವರ್ಗಾವಣೆಗೆ. (ಹಾಸ್ಯಚಿತ್ರಗಳ ಮಾತು ಸ್ವಲ್ಪ ಬೇರೆ. ಓಡಾಟ ಚುರುಕಾಗಿ ಕಾಣಲೆಂದು ಅವರು ಬೇಕೆಂದೇ ಕ್ಯಾಮೆರಾ ನಿಧಾನ ತಿರುಗಿಸುತ್ತಿದ್ದುದುಂಟು.) ಹಳೆಯ ಚಿತ್ರಗಳನ್ನು ಕಾಪಿಡುವ ಒಳ್ಳೆಯ ಚಿತ್ರಾಗಾರಗಳು ಮಾಡಿರುವ ಪುನರುಜ್ಜೀವಿತ ಪ್ರತಿಗಳಲ್ಲಿ ಈ ವೇಗವನ್ನು ಸರಿಪಡಿಸಿರುತ್ತಾರೆ. ಅಂಥದೊಂದನ್ನು ನೋಡಿ, ಬೊಂಬೆಗಳು ಮನುಷ್ಯರಾಗುತ್ತಾರೆ.

ಈಗ ನಿಮ್ಮ ಪತ್ರದ ಕೊನೆಯತ್ತ ಬನ್ನಿ. ಒಂದೂವರೆ ಪಟ್ಟು ವೇಗ ಎಂದು ಬರೆದಿದ್ದೀರಿ. ಮೂಕಿಗಳಿಗೆ ಕಾಲ ಮಾಡಿದ ಅನ್ಯಾಯವನ್ನೇ, ಅದೇ ಲೆಕ್ಕದಲ್ಲಿ, ಉಳಿದ ಚಿತ್ರಗಳಿಗೆ ನೀವು ರಿಮೋಟಿನಿಂದ ಮಾಡುತ್ತಿದ್ದೀರಿ! ಕಥೆ ತಿಳಿಯುತ್ತದೆ, ನಿಜ. ಆದರೆ ಒಂದು ಮಾತಿಗೂ ಮರುಮಾತಿಗೂ ನಡುವೆ ನಟ ಬಿಟ್ಟ ಮೌನವನ್ನು ನಾವು ಫ್ರೇಮ್ ಎಣಿಸಿ ಇಟ್ಟಿರುತ್ತೇವೆ. ನಾಲ್ಕು ಫ್ರೇಮ್ ಹೆಚ್ಚಾದರೆ ಅನುಮಾನ ಹುಟ್ಟುತ್ತದೆ, ನಾಲ್ಕು ಕಡಿಮೆಯಾದರೆ ಅವಸರ ಕಾಣುತ್ತದೆ. ವೇಗ ಹೆಚ್ಚಿಸಿ ನೋಡಿದವರು ‘ಕಥೆ ಸಾಧಾರಣ’ ಎಂದರೆ ಒಪ್ಪಬಹುದು. ‘ನಟನೆ ಕೃತಕ’ ಎಂದರೆ ಒಪ್ಪಲಾಗದು.

ಎರಡನೆಯ ಶಂಕಿತ ನಿಮ್ಮ ಟಿವಿ. ಈಗಿನ ಹೆಚ್ಚಿನ ಟಿವಿಗಳು ಎರಡು ಫ್ರೇಮ್‌ಗಳ ನಡುವೆ ತಾವೇ ಹೊಸ ಫ್ರೇಮ್ ಸೃಷ್ಟಿಸಿ ಚಲನೆಯನ್ನು ನುಣುಪು ಮಾಡುತ್ತವೆ. ಕ್ರಿಕೆಟ್ಟಿಗೆ ಇದು ಚೆನ್ನ. ಸಿನಿಮಾಕ್ಕೆ ಹಾಕಿದಾಗ ಎಂಥ ದೊಡ್ಡ ಚಿತ್ರವೂ ಸ್ಟುಡಿಯೊದಲ್ಲಿ ತೆಗೆದ ಧಾರಾವಾಹಿಯ ಹಾಗೆ ಕಾಣುತ್ತದೆ. ಸೆಟ್ಟು ಸೆಟ್ಟಾಗಿ, ಮೇಕಪ್ಪು ಮೇಕಪ್ಪಾಗಿ ಬಯಲಾಗುತ್ತದೆ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ, ಮೋಷನ್, ಸ್ಮೂತ್, ಕ್ಲಿಯರ್ ಎಂಬ ಪದಗಳು ಅಲ್ಲಿ ಸುಳಿಯುತ್ತವೆ. ಹುಡುಕಿ ಆರಿಸಿ. ನಿರ್ದೇಶಕರ ಒತ್ತಾಯದಿಂದ 2019ರಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಎಂಬ ಸೆಟ್ಟಿಂಗ್ ಪ್ರಕಟವಾಯಿತು. ನಿಮ್ಮ ಟಿವಿಯಲ್ಲಿ ಅದಿದ್ದರೆ ಈ ರಗಳೆಯೆಲ್ಲ ಒಂದೇ ಗುಂಡಿಗೆ ತೀರುತ್ತದೆ.

ಮೂರನೆಯದು ಚಿತ್ರದ ಆಕಾರ. 1950ರ ದಶಕದ ಆರಂಭದವರೆಗೆ ಬಹುತೇಕ ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರದವು, ಅಗಲ ಎತ್ತರದ 1.37 ಪಟ್ಟು. ನಿಮ್ಮ ಟಿವಿಯದು 1.78. ಎರಡೂ ಬದಿ ಕಪ್ಪು ಪಟ್ಟಿ ಉಳಿಯುವುದು ಸಹಜ, ಉಳಿಯಬೇಕು. ಪರದೆ ತುಂಬಲಿ ಎಂದು ಝೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲುಭಾಗದ ಹತ್ತಿರ ಹೋಗುತ್ತದೆ. ಹಿಂದೆ ಉಲ್ಟಾ ಸಮಸ್ಯೆ ಇತ್ತು: ಸಿನಿಮಾಸ್ಕೋಪ್ ಚಿತ್ರಗಳನ್ನು ಹಳೆಯ ಚೌಕ ಟಿವಿಗೆ ಕತ್ತರಿಸಿ ಶೇ. 40ಕ್ಕೂ ಹೆಚ್ಚು ಚಿತ್ರ ಕಳೆಯುತ್ತಿದ್ದರು. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು, ಇನ್ನೊಬ್ಬರ ಕಿವಿ ಮಾತ್ರ ಉಳಿದದ್ದನ್ನು ನಾವೆಲ್ಲ ನೋಡಿದ್ದೇವೆ.

ನೀವು ಹೆಸರಿಸಿದ ‘ಸಿಟಿಜನ್ ಕೇನ್’ ಚಿತ್ರದಲ್ಲೇ ಒಂದು ದೃಶ್ಯವಿದೆ. ಹುಡುಗ ಹಿಮದಲ್ಲಿ ಆಡುತ್ತಿದ್ದಾನೆ. ಕ್ಯಾಮೆರಾ ಹಿಂದೆ ಸರಿಯುತ್ತದೆ, ಕಿಟಕಿ ಕಾಣುತ್ತದೆ, ಒಳಗೆ ತಾಯಿ, ಅವಳ ಹಿಂದೆ ಬ್ಯಾಂಕಿನವ, ಗೊಣಗುವ ತಂದೆ. ತಾಯಿ ಮೇಜಿಗೆ ಬಂದು ಕೂತು ಮಗನನ್ನು ಬೇರೆಯವರ ಸುಪರ್ದಿಗೆ ಕೊಡುವ ಕಾಗದಕ್ಕೆ ಸಹಿ ಮಾಡುತ್ತಾಳೆ. ಅಷ್ಟು ಹೊತ್ತೂ ದೂರದ ಕಿಟಕಿಯ ಚೌಕಟ್ಟಿನಲ್ಲಿ ಹುಡುಗ ಏನೂ ತಿಳಿಯದೆ ಕೂಗಾಡುತ್ತ ಆಡುತ್ತಲೇ ಇರುತ್ತಾನೆ. ಛಾಯಾಗ್ರಾಹಕ ಗ್ರೆಗ್ ಟೋಲ್ಯಾಂಡ್ ಹತ್ತಿರದ ತಾಯಿಯನ್ನೂ ದೂರದ ಮಗನನ್ನೂ ಒಂದೇ ಸ್ಪಷ್ಟತೆಯಲ್ಲಿ ಹಿಡಿದಿದ್ದಾರೆ. ನಾಲ್ವರ ಬದುಕು ಒಂದೇ ಚೌಕಟ್ಟಿನಲ್ಲಿ, ಕಟ್ ಇಲ್ಲದೆ ತೀರ್ಮಾನವಾಗುತ್ತದೆ. ಈ ದೃಶ್ಯವನ್ನು ಫೋನಿನಲ್ಲೋ, ಹಗಲಿನ ಬೆಳಕು ಬಿದ್ದ ಟಿವಿಯಲ್ಲೋ ನೋಡಿದರೆ ಕಿಟಕಿಯ ಹುಡುಗ ಒಂದು ಚುಕ್ಕೆ. ಹುಡುಗನೇ ಕಾಣದಿದ್ದರೆ ಉಳಿಯುವುದು ಮೂವರು ದೊಡ್ಡವರು ಕಾಗದಪತ್ರದ ಬಗ್ಗೆ ಮಾತಾಡುವುದು. ಬೇಸರವಾಗದೆ ಇನ್ನೇನಾದೀತು?

ಇಲ್ಲಿಂದ ಹಳೆಯದು ನಿಧಾನ ಎಂಬ ಮಾತಿಗೆ ಬರಬಹುದು. ಅದು ಪೂರ್ತಿ ಸುಳ್ಳಲ್ಲ. ಹಾಲಿವುಡ್ ಚಿತ್ರಗಳ ಶಾಟ್‌ಗಳನ್ನು ಎಣಿಸಿ ಅಧ್ಯಯನ ಮಾಡಿದ ಡೇವಿಡ್ ಬೋರ್ಡ್‌ವೆಲ್ ಅವರ ಪ್ರಕಾರ 1930ರಿಂದ 1960ರವರೆಗೆ ಒಂದು ಶಾಟ್, ಅಂದರೆ ಒಂದು ಕಟ್ಟಿನಿಂದ ಮುಂದಿನ ಕಟ್ಟಿನವರೆಗಿನ ತುಂಡು, ಸರಾಸರಿ 8ರಿಂದ 11 ಸೆಕೆಂಡ್ ಇರುತ್ತಿತ್ತು. ಶತಮಾನದ ಕೊನೆಗೆ ಅದು 3ರಿಂದ 6 ಸೆಕೆಂಡಿಗೆ ಇಳಿದಿತ್ತು. ಆದರೆ ಕಟ್ ಕಡಿಮೆ ಇದ್ದರೆ ನಿಧಾನ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಕಟ್ ಎಂದರೆ ನಾವು ನಿಮ್ಮ ಗಲ್ಲ ಹಿಡಿದು ಮುಖವನ್ನು ಬೇಕಾದ ಕಡೆ ತಿರುಗಿಸುವುದು: ಈಗ ಇವಳನ್ನು ನೋಡಿ, ಈಗ ಕಾಗದ ನೋಡಿ, ಈಗ ಹುಡುಗನನ್ನು. ಮೇಲೆ ಹೇಳಿದ ದೃಶ್ಯ ಇವತ್ತು ನನ್ನ ಕೋಣೆಗೆ ಬಂದರೆ ಹತ್ತಿಪ್ಪತ್ತು ಕ್ಲೋಸಪ್‌ಗಳ ಜೊತೆ ಬರುತ್ತದೆ, ನಾನು ಬಳಸಿಯೂ ಬಳಸುತ್ತೇನೆ. ಆ ಕಾಲದವರು ಎಲ್ಲವನ್ನೂ ಒಟ್ಟಿಗೆ ಮುಂದಿಟ್ಟು ಹುಡುಕುವ ಕೆಲಸ ನಿಮಗೆ ಬಿಟ್ಟರು. ತಿರುಗಿಸುವ ಕೈಗೆ ಒಗ್ಗಿದ ಕಣ್ಣು ಆ ಕೈ ಬರಲೆಂದು ಕಾಯುತ್ತದೆ, ಬಾರದಿದ್ದಾಗ ಏನೂ ನಡೆಯುತ್ತಿಲ್ಲ ಎಂದುಕೊಂಡು ಫೋನಿಗೆ ಹೋಗುತ್ತದೆ. ಇದು ರೂಢಿಯ ಮಾತು, ಯೋಗ್ಯತೆಯದಲ್ಲ. ಪಾಠ ಹೇಳುವಾಗ ಗಮನಿಸಿದ್ದೇನೆ: ಮೊದಲ ಮೂರು ನಾಲ್ಕು ಹಳೆಯ ಚಿತ್ರಗಳಲ್ಲಿ ಕುರ್ಚಿಯಲ್ಲಿ ಕೊಸರಾಡುವ ವಿದ್ಯಾರ್ಥಿಗಳು ಆಮೇಲೆ ತಾವಾಗಿ ಚೌಕಟ್ಟಿನ ಮೂಲೆಗಳನ್ನು ನೋಡತೊಡಗುತ್ತಾರೆ.

ಎಲ್ಲ ಬೇಸರವೂ ರೂಢಿಯದಲ್ಲ ಎಂಬುದನ್ನೂ ಹೇಳಬೇಕು. ಕೆಲವು ಚಿತ್ರಗಳು ನಿಜಕ್ಕೂ ಸೊರಗಿವೆ. ಹತ್ತು ನಿಮಿಷದ ಹಾಡು, ಕಥೆಗೆ ಸಂಬಂಧವೇ ಇಲ್ಲದ ಹಾಸ್ಯದ ಟ್ರ್ಯಾಕ್, ಒಮ್ಮೆ ತೋರಿಸಿದ್ದನ್ನು ಮತ್ತೆ ಮಾತಿನಲ್ಲಿ ಹೇಳುವುದು ಆಗಲೂ ಇತ್ತು, ಈಗಲೂ ಇದೆ. ಗುರುತಿಸಲು ನನ್ನದೊಂದು ಒರಟು ಉಪಾಯವಿದೆ. ಬೇಸರವಾದ ದೃಶ್ಯವನ್ನು ಅಲ್ಲೇ ನಿಲ್ಲಿಸಿ, ಒಂದು ನಿಮಿಷ ಹಿಂದಕ್ಕೆ ಹೋಗಿ, ಸದ್ದು ಆರಿಸಿ ನೋಡಿ. ಮೊದಲ ಸಲ ಕಾಣದ ಒಂದು ನೋಟ, ಒಂದು ಕೈಚಲನೆ, ಹಿಂದೆ ನಿಂತವರ ನಡೆ ಕಂಡರೆ ದೃಶ್ಯ ಕೆಲಸ ಮಾಡುತ್ತಿದೆ ಎಂದರ್ಥ. ಏನೂ ಹೊಸದು ಕಾಣದಿದ್ದರೆ ನಿಮ್ಮ ಬೇಸರಕ್ಕೆ ಕಾರಣವಿದೆ, ನಿಸ್ಸಂಕೋಚವಾಗಿ ಹಾಗೆಂದು ಹೇಳಿ.

‘ಇದರಲ್ಲೇನಿದೆ’ ಅನ್ನಿಸುವುದಕ್ಕೆ ಇನ್ನೊಂದು ಕಾರಣವಿದೆ. ಅದು ಹಳೆಯ ಚಿತ್ರಗಳ ದುರದೃಷ್ಟ. ನಕಲು ನಿಮಗೆ ಮೊದಲು ಸಿಕ್ಕಿತು, ಮೂಲ ಆಮೇಲೆ. ‘ಸಿಟಿಜನ್ ಕೇನ್’ ಮಾಡಿದ ಹಾಗೆ ಸತ್ತವನೊಬ್ಬನ ಬದುಕನ್ನು ಹಲವರ ನೆನಪುಗಳಿಂದ ಹಿಂದುಮುಂದಾಗಿ ಕಟ್ಟುವುದು 1941ರಲ್ಲಿ ಅಪರೂಪದ ಧೈರ್ಯ, ನೀವು ಹುಟ್ಟುವ ಹೊತ್ತಿಗೆ ಅದು ಮಾಮೂಲು. 1960ರಲ್ಲಿ ಫ್ರೆಂಚ್ ನಿರ್ದೇಶಕ ಗೊದಾರ್ ‘ಬ್ರೆತ್‌ಲೆಸ್’ ಚಿತ್ರ ಉದ್ದವಾಯಿತೆಂದು ಶಾಟ್‌ಗಳ ಒಳಗಿನಿಂದಲೇ ತುಂಡುಗಳನ್ನು ಕಿತ್ತುಹಾಕಿದರು, ಪಾತ್ರಗಳು ಜಿಗಿದಂತೆ ಕಂಡವು, ನಿಯಮ ಬಲ್ಲವರು ಗಾಬರಿಯಾದರು. ಇವತ್ತು ಫೋನ್ ಮುಂದೆ ಕೂತು ಮಾತಾಡುವ ಪ್ರತಿಯೊಬ್ಬರ ವಿಡಿಯೊದಲ್ಲೂ ಅದೇ ಜಿಗಿತದ ಕಟ್ ಇದೆ! ಹಾಗಾಗಿ ಆ ಚಿತ್ರ ನೋಡಿ ನಿಮಗೆ ಬೆರಗಾಗದಿದ್ದರೆ ಅದು ಸಹಜ. ಚರಿತ್ರೆಯಲ್ಲಿ ಒಂದು ಚಿತ್ರಕ್ಕಿರುವ ಸ್ಥಾನ ಬೇರೆ, ಅದು ಇವತ್ತು ರಾತ್ರಿ ನಿಮಗೆ ಕೊಟ್ಟ ಅನುಭವ ಬೇರೆ. ಮೊದಲನೆಯದನ್ನು ಒಪ್ಪಿಕೊಂಡೇ ಎರಡನೆಯದನ್ನು ನಿರಾಕರಿಸಬಹುದು. ತಿರುವುಮುರುವಾಗಿಯೂ ಸರಿ.

ನಿಮ್ಮನ್ನು ಇಷ್ಟು ಹೆದರಿಸಿರುವ ಪಟ್ಟಿಗಳ ಒಳಗನ್ನೂ ನೋಡೋಣ. ಬಹಳ ಹೆಸರಾದದ್ದು ಬ್ರಿಟನ್ನಿನ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಸುವ ಮತದಾನ. ಮೊದಲ ಸಲ ಗೆದ್ದದ್ದು ‘ಬೈಸಿಕಲ್ ಥೀವ್ಸ್’. ಆಗ ಅದು ಬರೀ ನಾಲ್ಕು ವರ್ಷ ಹಳೆಯ ಚಿತ್ರ, ಇವತ್ತಿನ ಲೆಕ್ಕದಲ್ಲಿ ‘ಈಚಿನದು’. ಆ ಸಲ ಮೊದಲ ಹತ್ತರಲ್ಲಿ ‘ಸಿಟಿಜನ್ ಕೇನ್’ ಇರಲೇ ಇಲ್ಲ. 1962ರಿಂದ 2002ರವರೆಗೆ ಐದು ಸಲ ಅದೇ ಮೊದಲು. 2012ರಲ್ಲಿ ಹಿಚ್‌ಕಾಕ್‌ರ ‘ವರ್ಟಿಗೊ’. 2022ರಲ್ಲಿ ಶಾಂತಾಲ್ ಅಕರ್‌ಮನ್ ಅವರ ‘ಜಾನ್ ಡೀಲ್‌ಮನ್’, 1975ರಲ್ಲಿ ತೆಗೆದ, ಒಬ್ಬ ಗೃಹಿಣಿಯ ದಿನಚರಿಯನ್ನು ಮೂರು ಗಂಟೆಗೂ ಮೀರಿ ನೋಡುವ ಚಿತ್ರ. ಹಿಂದಿನ ಸಲ ಅದು ಮೊದಲ ಹತ್ತರಲ್ಲೂ ಇರಲಿಲ್ಲ. ಚಿತ್ರಗಳು ಬದಲಾಗಲಿಲ್ಲ, ಮತ ಹಾಕುವವರು ಬದಲಾದರು. 2022ರ ಹೊತ್ತಿಗೆ ಮತದಾರರ ಸಂಖ್ಯೆ 1600 ದಾಟಿತ್ತು. ಇನ್ನೂ ಒಂದು ಗುಟ್ಟಿದೆ. ಒಬ್ಬೊಬ್ಬರೂ ಹತ್ತು ಹೆಸರು ಕೊಡುತ್ತಾರೆ, ಹೆಚ್ಚು ಜನರ ಹತ್ತರೊಳಗೆ ಬಂದದ್ದು ಮೇಲೇರುತ್ತದೆ. 2012ರಲ್ಲಿ ಮತ ಹಾಕಿದ 846 ಮಂದಿಯಲ್ಲಿ ‘ವರ್ಟಿಗೊ’ವನ್ನು ಹೆಸರಿಸಿದವರು 191. ಅಂದರೆ ‘ಜಗತ್ತಿನ ಅತಿ ಶ್ರೇಷ್ಠ ಚಿತ್ರ’ವನ್ನು ನಾಲ್ವರಲ್ಲಿ ಮೂವರು ತಜ್ಞರು ತಮ್ಮ ಹತ್ತರಲ್ಲಿ ಸೇರಿಸಿರಲಿಲ್ಲ. ನೀವೊಬ್ಬರೇ ಹೊರಗೆ ನಿಂತಿಲ್ಲ.

ನಿಮ್ಮ ತಂದೆಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಆಗಿನ ಒಳ್ಳೆಯ ಚಿತ್ರಗಳು ನಿಜಕ್ಕೂ ಒಳ್ಳೆಯವು. ಆದರೆ ಅವರು ಹೋಲಿಸುತ್ತಿರುವುದು ಐವತ್ತು ವರ್ಷ ಸೋಸಿ ಉಳಿದ ಇಪ್ಪತ್ತು ಚಿತ್ರಗಳನ್ನು ಈ ತಿಂಗಳು ಸೋಸದೆ ಬಂದ ಇಪ್ಪತ್ತರ ಜೊತೆ. ಅದೇ ಥಿಯೇಟರಿನಲ್ಲಿ ಮೂರು ದಿನಕ್ಕೆ ಎತ್ತಂಗಡಿಯಾದ ಚಿತ್ರಗಳ ಹೆಸರು ಅವರಿಗೂ ನೆನಪಿರಲಾರದು. ಸೋಸಿದ್ದು ಯೋಗ್ಯತೆಯೊಂದೇ ಅಲ್ಲ, ಅದೃಷ್ಟವೂ ಹೌದು. ಹಳೆಯ ನೈಟ್ರೇಟ್ ಫಿಲ್ಮ್ ಬೆಂಕಿ ಹಿಡಿದರೆ ಆರಿಸಲಾಗದು, ಹಾಗೇ ಇಟ್ಟರೂ ಕೊಳೆತು ಪುಡಿಯಾಗುತ್ತದೆ. ಎಷ್ಟೋ ಫಿಲ್ಮನ್ನು ಬೆಳ್ಳಿ ತೆಗೆಯಲೆಂದೇ ಕರಗಿಸಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿನ ಸುಮಾರು 11 ಸಾವಿರ ಮೂಕಿ ಕಥಾಚಿತ್ರಗಳಲ್ಲಿ ಬಿಡುಗಡೆಯಾದ ರೂಪದಲ್ಲೇ ಪೂರ್ತಿ ಉಳಿದಿರುವುದು ಶೇ. 14 ಮಾತ್ರ. ನಮ್ಮ ಕಥೆ ಇನ್ನೂ ಕೆಟ್ಟದು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931), ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಎರಡೂ ಇವತ್ತು ಎಲ್ಲೂ ಇಲ್ಲ. ಅವು ಚೆನ್ನಾಗಿದ್ದವೋ ಇಲ್ಲವೋ ಎಂದು ಹೇಳುವ ಹಕ್ಕು ನಮಗಾರಿಗೂ ಉಳಿದಿಲ್ಲ.

ಉಳಿದವು ಕೂಡ ಹೇಗೆ ಉಳಿದವು ನೋಡಿ. ನಿರ್ದೇಶಕ ಡ್ರೇಯರ್‌ರ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ (1928) ಚಿತ್ರದ ಮೂಲ ನೆಗೆಟಿವ್ ಸುಟ್ಟುಹೋಗಿತ್ತು. 1981ರಲ್ಲಿ ಒಂದು ಒಳ್ಳೆಯ ಪ್ರಿಂಟ್ ಸಿಕ್ಕಿದ್ದು ಓಸ್ಲೊದ ಮಾನಸಿಕ ಆಸ್ಪತ್ರೆಯೊಂದರ ಕಪಾಟಿನಲ್ಲಿ. ‘ಮೆಟ್ರೊಪೊಲಿಸ್’ (1927) ಮೊದಲ ಪ್ರದರ್ಶನದ ಬೆನ್ನಲ್ಲೇ ಕತ್ತರಿಗೆ ಸಿಕ್ಕಿ, ಹಲವು ದಶಕ ಕಥೆಯೇ ತಿಳಿಯದಂತೆ ಓಡಿತು. ಹೆಚ್ಚುಕಡಿಮೆ ಪೂರ್ತಿ ಇರುವ, ಗೀರುಬಿದ್ದ 16 ಎಂಎಂ ಪ್ರತಿ 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬೆಳಕಿಗೆ ಬಂತು. ಅದಕ್ಕೂ ಮುಂಚೆ ಆ ಚಿತ್ರಕ್ಕೆ ‘ಕಥೆಯಲ್ಲಿ ತೂತುಗಳಿವೆ’ ಎಂದು ಬರೆದ ವಿಮರ್ಶಕರು ಸುಳ್ಳು ಹೇಳಿರಲಿಲ್ಲ, ಅವರು ನೋಡಿದ್ದರಲ್ಲಿ ತೂತುಗಳಿದ್ದವು. ‘ಪಥೇರ್ ಪಾಂಚಾಲಿ’ಯ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಗೆ ಸಿಕ್ಕಿತು. ಬೆಂದದ್ದರಲ್ಲೇ ಉಳಿದ ಭಾಗವನ್ನು ಹೆಕ್ಕಿ, ಬೇರೆ ಪ್ರತಿಗಳಿಂದ ತುಂಬಿ ಕಟ್ಟಿದ ಪ್ರತಿ 2015ರಲ್ಲಿ ಬಂತು. ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿತು. ಆ ಚಿತ್ರವನ್ನು ಮಸುಕು ವಿಡಿಯೊದಲ್ಲಿ ನೋಡಿ ಕಪ್ಪಿನಲ್ಲಿ ಏನೂ ಕಾಣಲಿಲ್ಲ ಎಂದುಕೊಂಡಿದ್ದರೆ ತೀರ್ಪನ್ನು ಸ್ವಲ್ಪ ಕಾಲ ತಡೆಹಿಡಿಯಿರಿ.

ಇನ್ನು ಹೊಸ ಚಿತ್ರಗಳು. ಮಾತು ಕೇಳಿಸುವುದಿಲ್ಲ ಎಂಬುದು ನಿಮ್ಮ ಕಿವಿಯ ದೋಷವಲ್ಲ. ಹಳೆಯ ಚಿತ್ರದ ಧ್ವನಿಪಟ್ಟಿಗೆ ಹಿಡಿಸುತ್ತಿದ್ದ ಸದ್ದಿನ ಹರವು ಬಹಳ ಸಣ್ಣದು. ಪಿಸುಮಾತಿಗೂ ಗುಂಡೇಟಿಗೂ ಅದರಲ್ಲಿ ದೊಡ್ಡ ಅಂತರವಿಲ್ಲ, ನಟರು ನಾಟಕದವರ ಹಾಗೆ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. 1990ರ ದಶಕದಲ್ಲಿ ಡಿಜಿಟಲ್ ಧ್ವನಿ ಬಂದ ಮೇಲೆ ಹರವು ವಿಸ್ತಾರವಾಯಿತು: ಪಿಸುಮಾತು ನಿಜವಾದ ಪಿಸುಮಾತು, ಸ್ಫೋಟ ಎದೆ ನಡುಗಿಸುವ ಸ್ಫೋಟ. ಚಿತ್ರಮಂದಿರಕ್ಕೆಂದು ಮಿಕ್ಸ್ ಮಾಡಿದ್ದು ಮನೆಗೆ ಬಂದಾಗ, ನಡುವಿನ ಸ್ಪೀಕರಿನಿಂದ ಬರಬೇಕಾದ ಮಾತು ಟಿವಿಯ ಬೆನ್ನಿಗೋ ತಳಕ್ಕೋ ಅಂಟಿಸಿದ ಎರಡು ಪುಟ್ಟ ಸ್ಪೀಕರುಗಳಲ್ಲಿ ಸಂಗೀತದ ಜೊತೆ ಕಲಸಿಹೋಗುತ್ತದೆ. ಆ್ಯಪಿನ ಆಡಿಯೊ ಪಟ್ಟಿಯಲ್ಲಿ 5.1 (ಆರು ಸ್ಪೀಕರುಗಳಿಗೆ ಹಂಚಿದ ಧ್ವನಿ) ಬದಲು ಸ್ಟೀರಿಯೊ ಆರಿಸಿ. ಟಿವಿಯಲ್ಲಿ ನೈಟ್ ಮೋಡ್ ಅಥವಾ ಮಾತು ಸ್ಪಷ್ಟಗೊಳಿಸುವ ಸೆಟ್ಟಿಂಗ್ ಇದ್ದರೆ ಹಾಕಿ. ಸ್ಫೋಟದ ಬಿರುಸು ಕಳೆಯುತ್ತದೆ, ಮನೆಯವರ ನಿದ್ದೆ ಉಳಿಯುತ್ತದೆ. ನಟರು ಗೊಣಗುವುದನ್ನೇ ಸಹಜಾಭಿನಯ ಎಂದುಕೊಂಡಿರುವ ಚಿತ್ರಗಳಿಗೆ ಮಾತ್ರ ಔಷಧವಿಲ್ಲ, ಸಬ್‌ಟೈಟಲ್ಲೇ ಗತಿ.

ಒಂದೇ ಬಣ್ಣ ಎಂಬ ದೂರಿಗೂ ಆಧಾರವಿದೆ. 2000ದಲ್ಲಿ ಬಂದ ‘ಓ ಬ್ರದರ್, ವೇರ್ ಆರ್ಟ್ ದೌ?’ ಪೂರ್ತಿಯಾಗಿ ಡಿಜಿಟಲ್‌ನಲ್ಲಿ ಬಣ್ಣ ತಿದ್ದಿದ ಮೊದಲ ಕಥಾಚಿತ್ರ ಎಂದು ಹೆಸರಾಗಿದೆ. ಹಸಿರು ಬೇಸಿಗೆಯನ್ನು ಅಲ್ಲಿ ಒಣಗಿದ ಹಳದಿ ಮಾಡಿದ್ದರು, ಕಥೆಗೆ ಅದು ಬೇಕಿತ್ತು. ಆ ಸಲಕರಣೆ ಎಲ್ಲರ ಕೈಗೆ ಬಂದ ಮೇಲೆ ಮುಖಕ್ಕೆ ಕಿತ್ತಳೆ, ಹಿನ್ನೆಲೆಗೆ ನೀಲಿಹಸಿರು ಎಂಬುದು ಸೂತ್ರವೇ ಆಯಿತು. ಗ್ರಾಫಿಕ್ಸ್ ಆಮೇಲೆ ಸೇರಿಸಬೇಕೆಂದು ಸೆಟ್ಟಿನಲ್ಲಿ ಎಲ್ಲೆಡೆ ಸಮ ಬೆಳಕು ಹರಡಿ, ತೀರ್ಮಾನವನ್ನೆಲ್ಲ ಮುಂದೂಡುವುದೂ ಒಂದು ಕಾರಣ.

ಕಟ್ ಹೆಚ್ಚಾದದ್ದಕ್ಕೆ ನಮ್ಮ ಕಡೆಯ ಕಾರಣ ಹೇಳುತ್ತೇನೆ. ಫಿಲ್ಮಿನ ಕಾಲದಲ್ಲಿ ಸಾವಿರ ಅಡಿಯ ಒಂದು ರೋಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತಿತ್ತು, ಪ್ರತಿ ಅಡಿಗೂ ದುಡ್ಡು. ಕ್ಯಾಮೆರಾ ಎಲ್ಲಿಡಬೇಕೆಂದು ಯೋಚಿಸದೆ ಯಾರೂ ಗುಂಡಿ ಒತ್ತುತ್ತಿರಲಿಲ್ಲ. ಈಗ ಮೂರು ಕ್ಯಾಮೆರಾ ಇಟ್ಟು ಓಡಿಸುತ್ತಲೇ ಇರಬಹುದು, ಆಯ್ಕೆ ಸಂಕಲನದಲ್ಲಿ ನೋಡಿಕೊಂಡರಾಯಿತು. ದೃಶ್ಯಕ್ಕೆ ಆಕಾರವೇ ಇಲ್ಲದೆ ನಮ್ಮ ಕೈಗೆ ಬಂದಾಗ ಕಟ್ ಮಾಡಿ ಮಾಡಿ ಚುರುಕು ತರುತ್ತೇವೆ. ಹಾಗೆಂದು ವೇಗದ ಕಟ್ಟನ್ನೇ ಬೈಯಬೇಡಿ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಚಿತ್ರದ ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಅವರ ಮುಂದಿದ್ದದ್ದು ಸುಮಾರು 480 ಗಂಟೆಯ ಚಿತ್ರಣ, ಎರಡು ಗಂಟೆಯ ಆ ಚಿತ್ರದಲ್ಲಿ ಸುಮಾರು 2700 ಕಟ್ ಇವೆ. ಆದರೂ ಕಣ್ಣು ಎಲ್ಲೂ ತಡಕಾಡುವುದಿಲ್ಲ. ಏಕೆಂದರೆ ನೋಡಬೇಕಾದದ್ದನ್ನು ಪ್ರತಿ ಶಾಟ್‌ನಲ್ಲೂ ಚೌಕಟ್ಟಿನ ನಟ್ಟನಡುವೆಯೇ ಇಟ್ಟು ಚಿತ್ರಿಸಿದ್ದರು, ಕಟ್ ಆದಾಗ ನೋಟ ಕದಲಬೇಕಿಲ್ಲ. ನಿಮ್ಮನ್ನು ದಣಿಸುವ ಚಿತ್ರಗಳಲ್ಲಿ ಒಂದು ಶಾಟ್‌ನ ಮುಖ್ಯ ವಸ್ತು ಎಡಮೂಲೆಯಲ್ಲಿರುತ್ತದೆ, ಮುಂದಿನದರದು ಬಲಮೂಲೆಯಲ್ಲಿ, ಕಣ್ಣು ಹುಡುಕಿ ಹಿಡಿಯುವಷ್ಟರಲ್ಲಿ ಮತ್ತೊಂದು ಕಟ್. ನಿಮ್ಮ ಕಣ್ಣುನೋವು ಸರಿಯಾದ ವಿಮರ್ಶೆಯೇ, ಅದಕ್ಕೆ ಕಾರಣ ಕೊಡಲು ಇದಿಷ್ಟು ಸಾಕು.

ಮುಂದೇನು? ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಕ್ರಮ ಬಿಡಿ. ಅದು ಪರೀಕ್ಷೆಯ ಓದಾಗುತ್ತದೆ, ಎಷ್ಟು ಮುಗಿಯಿತೆಂಬ ಲೆಕ್ಕವೇ ನೋಟವನ್ನು ಅವಸರಕ್ಕೆ ತಳ್ಳುತ್ತದೆ. ಅದರ ಬದಲು ಹಳೆಯದೊಂದು ಹೊಸದೊಂದು ಜೋಡಿ ಮಾಡಿ. ಕುರೊಸಾವಾರ ‘ಇಕಿರು’ (1952) ಮತ್ತು ಅದನ್ನೇ ಲಂಡನ್ನಿಗೆ ತಂದ ‘ಲಿವಿಂಗ್’ (2022) ಒಳ್ಳೆಯ ಜೋಡಿ: ಎರಡೂ ತನಗಿನ್ನು ಹೆಚ್ಚು ದಿನವಿಲ್ಲ ಎಂದು ತಿಳಿದ ಸರ್ಕಾರಿ ಅಧಿಕಾರಿಯೊಬ್ಬನ ಕಥೆ. ಹಳೆಯದು 143 ನಿಮಿಷ, ಹೊಸದು 102. ಆ ನಲವತ್ತು ನಿಮಿಷ ಎಲ್ಲಿ ಹೋಯಿತು, ಹೋದದ್ದರಿಂದ ಏನು ಲಾಭ, ಏನು ನಷ್ಟ ಎಂದು ನೋಡಿದರೆ ಹಳೆಯದರ ನಿಧಾನದಲ್ಲಿ ಯಾವುದು ಬೇಕಿತ್ತು, ಯಾವುದು ಬೇಕಿರಲಿಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ. ಹೊಸದನ್ನು ಮೊದಲು ನೋಡಿದರೆ ಹಳೆಯದು ದಾರಿ ಗೊತ್ತಿರುವ ಊರಾಗುತ್ತದೆ, ಬೆರಗು ಸ್ವಲ್ಪ ತಗ್ಗುತ್ತದೆ. ನಿದ್ದೆಯ ಸಮಸ್ಯೆ ಇರುವವರಿಗೆ ಆ ಕ್ರಮವೇ ವಾಸಿ. ‘ಯೋಜಿಂಬೊ’ (1961) ಮತ್ತು ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಇನ್ನೊಂದು ಜೋಡಿ, ಅಲ್ಲಿ ನಿದ್ದೆಯ ಪ್ರಶ್ನೆಯೇ ಬರುವುದಿಲ್ಲ.

ಅರ್ಧಕ್ಕೆ ಬಿಡಬಹುದೇ? ಧಾರಾಳವಾಗಿ. ಬಿಟ್ಟದ್ದರ ಬಗ್ಗೆ ‘ನಲವತ್ತು ನಿಮಿಷ ನೋಡಿದೆ, ಮುಂದೆ ಆಗಲಿಲ್ಲ’ ಎನ್ನಿ. ಕೊನೆಯ ದೃಶ್ಯದಲ್ಲಿ ಮೊದಲಿನದೆಲ್ಲ ತಿರುವು ಪಡೆಯುವ ಚಿತ್ರಗಳಿರುತ್ತವೆ. ವಿಮರ್ಶೆಯನ್ನು ಆಮೇಲೆ ಓದಿ. ಮೊದಲೇ ಓದಿದರೆ ಬೇರೆಯವರ ಮಾತನ್ನು ಖಾತ್ರಿ ಮಾಡಿಕೊಳ್ಳಲು ಕೂತಂತಾಗುತ್ತದೆ. ಬಹಳ ಹಳೆಯ ಪರಕೀಯ ಚಿತ್ರವಾದರೆ ಅದು ಹುಟ್ಟಿದ ಕಾಲದ ಬಗ್ಗೆ ನಾಲ್ಕು ಸಾಲು ಮಾತ್ರ ಮುಂಚೆ ತಿಳಿದಿರಲಿ. ಹಳೆಯ ಚಿತ್ರದಲ್ಲಿ ನಾಯಕ ಹೆಂಡತಿಗೆ ಹೊಡೆದು ‘ಬುದ್ಧಿ ಕಲಿಸುವ’ ದೃಶ್ಯ ನಿಮಗೆ ಅಸಹ್ಯವಾದರೆ ‘ಆ ಕಾಲ ಹಾಗಿತ್ತು’ ಎಂದು ನುಂಗಿಕೊಳ್ಳಬೇಕಿಲ್ಲ. ‘ದಿ ಬರ್ತ್ ಆಫ್ ಎ ನೇಷನ್’ (1915) ತಂತ್ರದಲ್ಲಿ ಮೈಲಿಗಲ್ಲು, ಆಶಯದಲ್ಲಿ ಕಪ್ಪುಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನ ಗುಣಗಾನ. ಆ ಕಾಲದಲ್ಲೇ ಅದರ ವಿರುದ್ಧ ಪ್ರತಿಭಟನೆ ನಡೆದಿತ್ತು.

ಬಣ್ಣದ ಪ್ರಶ್ನೆ ಉಳಿಯಿತು. ‘ಮೊಘಲ್-ಎ-ಆಜಂ’ 2004ರಲ್ಲಿ, ಕನ್ನಡದ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಮತ್ತೆ ತೆರೆಗೆ ಬಂದವು. ಕಪ್ಪುಬಿಳುಪು ಎಂದರೆ ಮುಖವನ್ನೇ ತಿರುಗಿಸುತ್ತಿದ್ದ ಎಷ್ಟೋ ಜನ ಆ ನೆಪದಲ್ಲಿ ಥಿಯೇಟರಿಗೆ ಹೋದರು, ಅದನ್ನು ಹೀಗಳೆಯಲಾರೆ. ತೊಡಕು ಎಲ್ಲಿದೆ ಎಂದರೆ, ಕಪ್ಪುಬಿಳುಪಿಗೆ ಬೆಳಕು ಮಾಡುವವರು ಸೀರೆ, ಗೋಡೆ, ಮುಖ ಇವನ್ನು ಬೂದುಬಣ್ಣದ ಬೇರೆ ಬೇರೆ ಛಾಯೆಗಳಾಗಿ ಲೆಕ್ಕ ಹಾಕಿ ಬೇರ್ಪಡಿಸಿರುತ್ತಾರೆ. ಮೇಲೆ ಬಣ್ಣ ಬಳಿದಾಗ ನೆರಳಿನ ಆ ಲೆಕ್ಕ ಮುಚ್ಚಿಹೋಗಿ ಎಲ್ಲವೂ ಒಂದೇ ಸಮಕ್ಕೆ ಬರುತ್ತದೆ, ಹಿಂದಿದ್ದದ್ದು ಮುಂದಕ್ಕೆ ಜಗ್ಗುತ್ತದೆ. ‘ಮೊಘಲ್-ಎ-ಆಜಂ’ ವಿಷಯದಲ್ಲಿ ಶೀಶ್‌ಮಹಲಿನ ಹಾಡು 1960ರಲ್ಲೇ ಬಣ್ಣದಲ್ಲಿತ್ತು, ಹಾಗಾಗಿ ಅಲ್ಲಿ ವಾದಕ್ಕೆ ಎಡೆಯುಂಟು. ಉಳಿದವುಗಳಲ್ಲಿ ಬಣ್ಣದ್ದನ್ನು ಕಥೆಗಾಗಿ ನೋಡಿ. ಛಾಯಾಗ್ರಹಣ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವುದಿದ್ದರೆ ಮಾತ್ರ ಕಪ್ಪುಬಿಳುಪಿನ ಪ್ರತಿಯನ್ನೇ ಹುಡುಕಿಕೊಳ್ಳಿ.